ಕುದುರೆಗೆ ಅಂದ ಮಾತು

ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದಾಗ ನಮ್ಮ ಸ್ಟೇಷನ್ನಿನಲ್ಲೊಬ್ಬ ಜಟಕಾದವನಿದ್ದ. ಬಹಳ ಮರ್ಯಾದಸ್ಥ, ಗಾಡಿ ಹತ್ತಿದವರನ್ನು ಒಮ್ಮೆಯೂ ಬೈದವನಲ್ಲ. ಬೈಗುಳವೆಲ್ಲ ಕುದುರೆಗೆ. ದಪ್ಪ ವಕೀಲರು ಹತ್ತಿದರೆ, "ಲೇ ಹೊಟ್ಟಿಬಾಕ, ಎಷ್ಟು ತಿಂತೀಲೇ!" ಎಂದು ಎಲುಬೆಣಿಸಬಹುದಾದ ಆ ಪ್ರಾಣಿಗೆ ಗದರುತ್ತಿದ್ದ. ವಕೀಲರು ಕೆರಳಿದರೆ, "ನಿಮಗಲ್ರೀ, ಕುದುರಿಗಿ" ಎಂದು ಕೈ ಮುಗಿಯುತ್ತಿದ್ದ.

ಹೆಂಡತಿ ಸತ್ತ ನಾಲ್ಕನೆಯ ದಿನವೇ ಗಾಡಿ ಕಟ್ಟಿದ. ಗಂಡಸು, ಅತ್ತರೆ ಮೀಸೆ ಉದುರಿಬಿಡುವುದಿಲ್ಲವೇ! ಕೌಲ್ ಬಜಾರ್ ದಾಟಿದ ಮೇಲೆ ಗಾಡಿ ನಿಲ್ಲಿಸಿ, "ಅಳಬ್ಯಾಡಲೇ, ಅತ್ತರ ಆಕಿ ಬರ್ತಾಳೇನು?" ಎಂದ.

ಹಿಂದೆ ಕೂತಿದ್ದ ನಾನು, "ಯಾರಿಗಪಾ?" ಎಂದೆ.

"ನಿಮಗಲ್ರೀ, ಕುದುರಿಗಿ."

ಇಳಿದು ನೋಡಿದೆ. ಕುದುರೆ ನೆಮ್ಮದಿಯಾಗಿ ಹುಲ್ಲು ಮೇಯುತ್ತಿತ್ತು. ಅದರ ಬೆನ್ನು ತಟ್ಟಿ ನಾನೂ ಅದಕ್ಕೇ ಹೇಳಿದೆ: "ಅತ್ತುಬಿಡಲೇ, ನಾ ಆ ಕಡಿ ನೋಡ್ತೀನಿ."