ಚಿತ್ರದ ಅಂಚಿನ ರಾಗಿ

ಬೆಂಕಿಪೊಟ್ಟಣದ ಚಿತ್ರ ಸಂಗ್ರಹಿಸುವವರ ಈ ಗುಂಪಿನಲ್ಲಿ ಬೆಳಿಗ್ಗೆ ನನ್ನ ದೊಡ್ಡಪ್ಪನ ಮಗ ಹಳೆಯ ನೋಟ್‌ಬುಕ್ಕೊಂದರ ಫೋಟೊ ಹಾಕಿದ್ದಾನೆ. 'ನನ್ನ ಬಾಲ್ಯದ ಸಂಗ್ರಹ' ಎಂದು ಬರೆದಿದ್ದಾನೆ. ಚಿತ್ರಗಳ ಅಂಚಿನಲ್ಲಿ ಸಣ್ಣ ಕಂದು ಚುಕ್ಕೆಗಳಿವೆ.

ಯಗಟಿಯ ನಮ್ಮ ಮನೆಯಲ್ಲಿ ಅವ್ವ ಮುದ್ದೆಗೆ ಎಸರಿಟ್ಟಾಗ ಒಂದು ಚಮಚ ರಾಗಿಗಂಜಿಯನ್ನು ನನಗೆಂದು ತೆಗೆದಿಡುತ್ತಿದ್ದಳು. ಬೀಡಿ ಸೇದುವವರ ಹಿಂದೆ ಅಲೆದು ತಂದ ಖಾಲಿ ಪೊಟ್ಟಣಗಳನ್ನು ನೀರಲ್ಲಿ ನೆನೆಸಿ, ಚಿತ್ರ ಬಿಡಿಸಿ, ಬಚ್ಚಲ ಹಂಡೆಯ ಬೆಚ್ಚನೆಯ ಬೆನ್ನಿಗೆ ಒಣಹಾಕಿ, ಆ ಗಂಜಿಯಲ್ಲಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. ರಾಗಿಯ ಸಿಪ್ಪೆ ಅಂಚಿನಲ್ಲಿ ಉಳಿಯುತ್ತಿತ್ತು.

ರಜೆಗೆ ಕಡೂರಿನಿಂದ ಬಂದ ಈ ಅಣ್ಣ ಪುಸ್ತಕ ಬೇಕೆಂದು ಹಟ ಹಿಡಿದ. ನಾನು ಎದೆಗವಚಿಕೊಂಡು ನಿಂತೆ.

"ಕೊಡೇ, ಅಣ್ಣ ಕೇಳ್ತಿದಾನೆ," ಎಂದರು ಅಪ್ಪ. "ನಿಂಗ್ಯಾಕೆ ಕಣೇ ಇದೆಲ್ಲ? ನಾಳೆ ಗಂಡನ ಮನೇಲಿ ಒಲೆ ಮುಂದೆ ಬೇಕಾದಷ್ಟು ಬೆಂಕಿಪೊಟ್ಟಣ ಸಿಗ್ತಾವೆ!"

ದೊಡ್ಡಪ್ಪ ಜೋರಾಗಿ ನಕ್ಕರು. ಅವ್ವ ನಗಲಿಲ್ಲ. ಪುಸ್ತಕ ಅಣ್ಣನ ಚೀಲ ಸೇರಿತು. ಮರುದಿನವೂ ಗಂಜಿ ತೆಗೆದಿಟ್ಟಿದ್ದಳು. ನಾನದನ್ನು ಅವಳೆದುರೇ ನಾಯಿಗೆ ಸುರಿದೆ. ಸಿಟ್ಟು ಯಾರ ಮೇಲೆ ತೀರಬೇಕಿತ್ತೋ ಅವರ ಮೇಲೆ ತೀರಲಿಲ್ಲ.

ಇಂದು ಗುಂಪಿನಲ್ಲಿ ಒಬ್ಬರು ಆ ಚುಕ್ಕೆಗಳು ಏನೆಂದು ಕೇಳಿದ್ದಾರೆ. "ಅಂಗಡಿ ಗೋಂದು ಕಣ್ರೀ, ಹಳೇದಾಗಿ ಹಂಗಾಗಿದೆ. ನಾನೇ ಕೂತು ಅಂಟಿಸಿದ್ದು," ಎಂದು ಉತ್ತರಿಸಿದ್ದಾನೆ. ಮೆಚ್ಚುಗೆಗಳು ಬೀಳುತ್ತಲೇ ಇವೆ.

ಅಣ್ಣಾ, ಒಂದು ಚುಕ್ಕೆಯನ್ನು ಉಗುರಿನಿಂದ ಕೆರೆದು ನೋಡು. ಅದು ನಮ್ಮವ್ವನ ರಾಗಿ. ಪುಸ್ತಕ ವಾಪಸು ಕಳಿಸು.