ಇನ್ನೈದು ಸಲ ಒತ್ತಿದ್ದರೆ

ಶಹಾಪುರದ ಬಸ್ ನಿಲ್ದಾಣದ ಎದುರು ನಾನು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದಾಗ ನನ್ನ ಬಾಯಿಗೆ ಹೆದರದವರೇ ಇರಲಿಲ್ಲ. ಹೆದರಲಿ ಅಂತಲೇ ಬೈಯುತ್ತಿದ್ದೆ. ಅದರಿಂದ ಸಾಲು ನೆಟ್ಟಗೆ ನಿಲ್ಲುತ್ತಿತ್ತು.

ನನ್ನ ತಲೆ ಕೆಡಿಸುತ್ತಿದ್ದುದು ಹುಟ್ಟಿದ ದಿನಾಂಕದ ಖಾನೆ. ಅದರಲ್ಲಿ ಟೈಪ್ ಮಾಡಲು ಬರುತ್ತಿರಲಿಲ್ಲ. ಒತ್ತಿದರೆ ಪುಟ್ಟ ಕ್ಯಾಲೆಂಡರ್ ತೆರೆಯುತ್ತಿತ್ತು, ಅದೂ ಈ ತಿಂಗಳಿನದು. ಎಡಗಡೆಯ ಬಾಣ ಒಮ್ಮೆ ಒತ್ತಿದರೆ ಒಂದು ತಿಂಗಳು ಹಿಂದೆ. ಮೂವತ್ತು ದಾಟಿದವರು ಬಂದರೆ ನಾನೂರು ಸಲ ಟಕಟಕ ಅನ್ನಿಸಬೇಕು. ಇದನ್ನು ಮಾಡಿದವನ ಬೆರಳಿಗೆ ಹುಣ್ಣಾಗಲಿ ಎಂದು ದಿನಾ ಶಪಿಸುತ್ತಿದ್ದೆ.

ಒಂದೇ ಸಮಾಧಾನವೆಂದರೆ, ನಮ್ಮ ಕಡೆ ಎಲ್ಲರೂ ಜೂನ್ ಒಂದಕ್ಕೆ ಹುಟ್ಟಿದವರು. ದಿನ ಗೊತ್ತಿಲ್ಲ ಎಂದರೆ ಶಾಲೆಯ ಮಾಸ್ತರರು ಆ ತಾರೀಖನ್ನೇ ಬರೆದು ಕೈತೊಳೆದುಕೊಳ್ಳುತ್ತಿದ್ದರು. ನನ್ನದೂ ಅದೇ. ಹೀಗಾಗಿ ನಾನು ಕಾಗದದಲ್ಲಿ ಇಸವಿ ಮಾತ್ರ ನೋಡುತ್ತಿದ್ದೆ. ಆ ಇಸವಿಯ ಜೂನ್ ಬಂದೊಡನೆ ನಿಂತು ಒಂದರ ಮೇಲೆ ಒತ್ತಿಬಿಡುತ್ತಿದ್ದೆ.

ದೋರನಹಳ್ಳಿ ಕಡೆಯ ಆ ಹೆಣ್ಣುಮಗಳು ಬಂದದ್ದು ಅರ್ಜಿಯ ಕೊನೆಯ ದಿನ. ಹತ್ತಿ ಬಿಡಿಸಿ ಅವಳ ಬೆರಳೆಲ್ಲ ಗೀರು. ಅವಳ ಊರಿನ ಅಂಗನವಾಡಿಗೆ ಟೀಚರ್ ಬೇಕಾಗಿತ್ತು, ಒಂದೇ ಜಾಗ.

"ಈ ಸಲ ತಪ್ಪಿದ್ರ ಮುಗೀತ್ರಿ ಅಕ್ಕಾ, ಮೂವತ್ತೈದು ದಾಟ್ತದ," ಅಂದಳು. ಆಮೇಲೆ ಶಾಲೆಯ ಸರ್ಟಿಫಿಕೇಟು ಕೊಡುತ್ತಾ, "ನಂದು ಹುಟ್ಟಿದ ದಿನ ಖರೇದ ಅದರಿ. ನಮ್ಮೂರ ಕೆನಾಲಿಗೆ ಮೊದಲ ನೀರು ಬಂದ ದಿನಾನ..." ಎಂದು ಶುರುಮಾಡಿದಳು.

"ಕಥಿ ಹೇಳಬ್ಯಾಡ. ಸೈಟ್ ನಿಂತ್ರ ನೀ ಬಂದು ನೂಕ್ತಿಯೇನು?" ಅಂದೆ. ಸಾಲಿನವರು ನಕ್ಕರು. ಅವಳು ಬಾಯಿ ಮುಚ್ಚಿದಳು.

ಜೂನ್ ಬಂತು, ಒಂದು ಒತ್ತಿದೆ. ಖಾನೆಯಲ್ಲಿ 06/01 ಎಂದು ಮೂಡಿತು. ಆ ಸೈಟಿನಲ್ಲಿ ತಿಂಗಳು ಮೊದಲು, ತಾರೀಖು ಆಮೇಲೆ. ಸ್ಕ್ರೀನ್ ಅವಳ ಕಡೆ ತಿರುಗಿಸಿ, "ನೋಡು, ಬರೋಬರಿ ಅದನೋ ಇಲ್ಲೋ?" ಎಂದೆ. ಅವಳು ಸರ್ಟಿಫಿಕೇಟಿನ ಅಂಕಿಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ತಾಳೆ ನೋಡಿದಳು.

"ಸೊನ್ನಿ ಆರು, ಸೊನ್ನಿ ಒಂದು. ಬರೋಬರಿ ಅದರಿ."

ಅರ್ಜಿ ಹೋಯಿತು. ಒಮ್ಮೆ ಹೋದದ್ದನ್ನು ತಿದ್ದಲು ಬರುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಮತ್ತೆ ಬಂದಳು. ಪಟ್ಟಿಯಲ್ಲಿ ಅವಳ ಹೆಸರೇ ಮೊದಲಿತ್ತಂತೆ. ಯಾದಗಿರಿಯಲ್ಲಿ ಕಾಗದ ನೋಡಿದ ಗುಮಾಸ್ತ, ಅರ್ಜಿಯಲ್ಲಿ ಜೂನ್ ಒಂದು, ಸರ್ಟಿಫಿಕೇಟಿನಲ್ಲಿ ಜನವರಿ ಆರು ಎಂದು ತೋರಿಸಿ ರದ್ದು ಮಾಡಿದನಂತೆ. ಅಂಕಿಯ ಕೆಳಗೆ ಅಕ್ಷರದಲ್ಲಿಯೂ ಜನವರಿ ಆರು ಎಂದೇ ಬರೆದಿತ್ತು. ಅದನ್ನು ನಾನು ಓದಿರಲಿಲ್ಲ.

ತಪ್ಪು ಯಾರದೆಂದು ಅವಳ ಮಾತು ಮುಗಿಯುವ ಮೊದಲೇ ನನಗೆ ತಿಳಿಯಿತು. ಆದರೆ ನನ್ನ ಬಾಯಿ ಸುಮ್ಮನಿರಲಿಲ್ಲ. "ನೋಡಿ ಬರೋಬರಿ ಅದ ಅಂದಾಕಿ ನೀನ ಅಲ್ಲೇನು? ಈಗ ನನ್ನ ಮುಂದ ಅತ್ರ ಏನು ಬಂತು?"

"ಹೌದ್ರಿ. ತಪ್ಪು ನಂದ," ಎಂದು ಹೋದಳು. ನನಗೆ ನಾಚಿಕೆ ಆಗಲಿಲ್ಲ. ಸದ್ಯ ಪಾರಾದೆ ಅನ್ನಿಸಿತು.

ಮುಂದಿನ ವಾರ ಅವಳ ಅಪ್ಪ ಬಂದ. ಕೆನಾಲ್ ಅಗೆಯುವ ಕೂಲಿಗೆ ಸೇರಿ, ಆಮೇಲೆ ಅದೇ ಕೆನಾಲಿನ ತೂಬು ತೆಗೆದು ಹಾಕುತ್ತಾ ಮುದುಕನಾದವನು. ನೀರು ಬಂದ ದಿನದ ತಾರೀಖನ್ನು ಸಾಹೇಬರ ಹತ್ತಿರ ಕೇಳಿ ಬಾಯಿಪಾಠ ಮಾಡಿಕೊಂಡಿದ್ದನಂತೆ. ಹೆಡ್‌ಮಾಸ್ತರರು ಜೂನ್ ಒಂದು ಬರೆಯಲು ಹೋದರೆ ಜಗಳ ತೆಗೆದು ಜನವರಿ ಆರನ್ನೇ ಬರೆಸಿದ್ದನಂತೆ.

"ಊರಾಗ ಖರೇ ದಿನ ಇರೋದು ನನ್ನ ಮಗಳದೊಂದ," ಅಂದ. ಆಮೇಲೆ, "ಅದನ್ನ ಹ್ಯಾಂಗ ಒತ್ತಿದಿ, ಒಂದ್ಸಲ ತೋರ್ಸವ್ವಾ," ಎಂದು ಸ್ಟೂಲ್ ಎಳೆದುಕೊಂಡು ಕೂತ.

ಬೇರೆ ಅರ್ಜಿಯೊಂದರಲ್ಲಿ ಅಂಥದೇ ಕ್ಯಾಲೆಂಡರ್ ತೆರೆದು ಒತ್ತುತ್ತಾ ಹೋದೆ. ಅವನು ಕಣ್ಣು ಮಿಟುಕಿಸದೆ ನೋಡಿದ. ಅವಳ ಇಸವಿಯ ಜೂನ್ ಬಂದಾಗ, "ಇಲ್ಲಿ ನಿಂದ್ರಿಸಿದೆ," ಎಂದೆ.

"ನಮ್ದು ಎಲ್ಲದ?"

ಮತ್ತೆ ಒತ್ತಿದೆ. ಮೇ, ಏಪ್ರಿಲ್, ಮಾರ್ಚ್, ಫೆಬ್ರವರಿ, ಜನವರಿ. ಒಂದೊಂದಕ್ಕೂ ಅವನು ಒಂದೊಂದು ಬೆರಳು ಮಡಿಸಿದ. ಕೈ ಮುಷ್ಟಿಯಾಯಿತು. ಹೊಡೆಯುತ್ತಾನೆಂದು ನಾನು ಹಿಂದೆ ಸರಿದೆ.

"ಅಷ್ಟು ದೂರ ಹೋದಾಕಿ, ಇನ್ನ ಐದ ಏನವ್ವಾ ಉಳಿದಿದ್ದು?"

"ಹ್ಞೂಂ," ಅಂದೆ.

ಅವನು ಮುಷ್ಟಿ ಬಿಚ್ಚಿ ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತ. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

"ನಾನೂ ಜೂನ್ ಒಂದ ಬರ್ಸಬೇಕಿತ್ತು," ಅಂದು ಎದ್ದು ಹೋದ.

ಸಾಲಿನಲ್ಲಿದ್ದ ಮುಂದಿನವಳು ಕಾಗದ ಚಾಚಿದಳು. ಅವತ್ತು ಅದನ್ನು ಎರಡೆರಡು ಸಲ ಓದಿದೆ. ಅವಳದು ಜೂನ್ ಒಂದೇ ಇತ್ತು.