ಹಲ್ಲುಚಕ್ರಕ್ಕೆ ಬಿದ್ದ ಕಾಯಿನೀರು

ನಾನು ಹುಟ್ಟಾ ಅಂಜುಬುರುಕ. ಮಹಾಲಿಂಗಪುರದ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನಿಗೆ ಇದು ಒಪ್ಪುವ ಸ್ವಭಾವವಲ್ಲ ಎಂದು ಬೆಲ್ಲದ ಗಾಣ ನಡೆಸುವ ನನ್ನಣ್ಣ ಆಡಿಕೊಳ್ಳುತ್ತಲೇ ಇರುತ್ತಾನೆ. ಆಡಿಕೊಳ್ಳಲಿ. ಬಿರುಕು ಎಂಬ ಶಬ್ದ ಕೇಳಿದರೆ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತದೆ. ಹೋದ ಹಂಗಾಮಿನಲ್ಲಿ ಅವನ ಗಾಣದ ದೊಡ್ಡ ಹಲ್ಲುಚಕ್ರದ ಹಲ್ಲುಗಳು ಮುರಿದವು. ಹಳೆಯ ಗಾಣ, ಅಂಥ ಚಕ್ರ ಈಗ ಎಲ್ಲೂ ಸಿಗುವುದಿಲ್ಲ. ಅದನ್ನು ನನ್ನ ಅಂಗಡಿಗೆ ತಂದು ಹಾಕಿದ.

ನನ್ನಲ್ಲಿ ಸೆಕೆಂಡ್ ಹ್ಯಾಂಡ್ ರೋಬೋಟ್ ಕೈಯೊಂದಿದೆ. ಅದು ತಂತಿ ಕರಗಿಸಿ, ಗೆರೆಯ ಪಕ್ಕ ಗೆರೆ ಎಳೆದು, ಪದರದ ಮೇಲೆ ಪದರ ಏರಿಸಿ ಹೊಸ ಹಲ್ಲು ಬೆಳೆಸುತ್ತದೆ. ಎಲ್ಲ ಪದರವನ್ನೂ ಒಂದೇ ಕಡೆಯಿಂದ ಶುರುಮಾಡಿದರೆ ಶುರುವಿನಲ್ಲಿ ಉಬ್ಬು, ಕೊನೆಯಲ್ಲಿ ತಗ್ಗು. ಅದಕ್ಕೇ ಒಂದು ಪದರ ಎಡದಿಂದ, ಅದರ ಮೇಲಿನದು ಬಲದಿಂದ. ಇದೆಲ್ಲಕ್ಕಿಂತ ಕಷ್ಟದ್ದು ನಡುನಡುವೆ ಕಾಯುವುದು. ಕೆಳಗಿನ ಪದರ ತೀರ ಕಾದಿದ್ದರೆ ಮೇಲಿನದು ಜಾರಿ ಹರಿಯುತ್ತದೆ. ಒಮ್ಮೆಲೇ ತಣ್ಣಗಾದರೆ ಉಕ್ಕು ಒಳಗೊಳಗೇ ಸೀಳುತ್ತದೆ. ಯಂತ್ರ ಸುಮ್ಮನೆ ನಿಂತಿರುವಾಗಲೇ ನನಗೆ ಹೆಚ್ಚು ಭಯ.

ಆ ದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಯಂತ್ರದ ಮುಂದೆ ಕಾಯಿ ಒಡೆಯದ ಅಂಗಡಿಯಿಲ್ಲ, ನಮ್ಮಲ್ಲಿ ಆ ಕೆಲಸ ಅವ್ವನದು. ಒಂದು ಪದರ ಮುಗಿಸಿ, ಅದು ಹದಕ್ಕೆ ಆರಲಿ ಎಂದು ನಾನು ಚಹಾಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಯಂತ್ರಕ್ಕೆ ವಿಭೂತಿ, ಹೂವು ಏರಿದ್ದವು. ಅವ್ವ ಮನೆಗೆ ಹೋಗಿದ್ದಳು. ಕೈಮುಗಿದು ಉಳಿದ ಪದರಗಳನ್ನು ಹಾಕಿಸಿದೆ. ಆಮೇಲೆ ಗ್ರೈಂಡರ್ ಹಿಡಿದು ಹಲ್ಲು ತಿದ್ದಿ, ಗಾಣಕ್ಕೆ ಒಯ್ದು ಕೂಡಿಸಿದೆ.

ಗಾಣ ಮತ್ತೆ ಶುರುವಾಗುವುದನ್ನು ನೋಡಲು ಅವ್ವನೂ ಬಂದಿದ್ದಳು. ಚಕ್ರ ನೋಡಿ ಖುಷಿಯಿಂದ ಹೇಳಿದಳು:

"ಕೆಲಸ ಮುಗದೈತಿ ಅಂತ ಇದರ ಮ್ಯಾಲೇ ಕಾಯಿ ಒಡದೆ ನೋಡಪಾ. ನೀರು ಬಿದ್ದ ಕೂಡಲೇ ಚುರ್ ಅಂತು. ಖರೇನ ದೇವರು ಓಗೊಟ್ಟ."

ಹಾಗಾದರೆ ಕಾದ ಪದರ ಒಮ್ಮೆಲೇ ತಣ್ಣಗಾಗಿದೆ, ಒಳಗೆ ಸೀಳಿರಬಹುದು. ಆ ಚಕ್ರಕ್ಕೆ ಮುಚ್ಚಳವಿಲ್ಲ. ಅಣ್ಣ ಗಾಣಕ್ಕೆ ಕಬ್ಬು ಕೊಡಲು ನಿಲ್ಲುವುದು ಅದರ ಎದುರಿಗೇ. ತಿರುಗುವಾಗ ಹಲ್ಲು ಸಿಡಿದರೆ ಸೀದಾ ಅವನ ಎದೆಗೆ.

ಹೇಳಿದೆ. ಅವನು ನಕ್ಕ. ಕಡಿದ ಕಬ್ಬು ಬಿಸಿಲಿಗೆ ಬಿದ್ದಿದೆ, ಒಲೆ ಹೊತ್ತಿಸಿಯಾಗಿದೆ, ನಿನ್ನ ಪುಕ್ಕಲುತನ ನಾಳೆಗಿರಲಿ ಎಂದ. ನಾನು ಬಿಡಲಿಲ್ಲ. ಹಲ್ಲಿಗೆ ಡೀಸೆಲ್ ಹಚ್ಚಿ ಒರೆಸಿ, ಮೇಲೆ ಸುಣ್ಣ ಬಳಿದೆ. ಬಿರುಕಿದ್ದರೆ ಅದರಲ್ಲಿ ಇಳಿದ ಡೀಸೆಲ್ ಸುಣ್ಣದ ಮೇಲೆ ಗೆರೆಯಾಗಿ ಮೂಡಬೇಕು. ಏನೂ ಮೂಡಲಿಲ್ಲ.

"ಆತಿಲ್ಲೋ?" ಎಂದ ಅಣ್ಣ.

ಆಗಿರಲಿಲ್ಲ. ನೀರು ಬಿದ್ದ ಪದರದ ಮೇಲೆ ನಾನೇ ಹೊಸ ಪದರ ಹೊದಿಸಿದ್ದೆ. ಅಷ್ಟು ಆಳದ್ದು ಸುಣ್ಣಕ್ಕೆ ಕಾಣುವುದಿಲ್ಲ. ಬಿರುಕಿದೆ ಎನ್ನಲೂ ಆರೆ, ಇಲ್ಲ ಎನ್ನಲೂ ಆರೆ. ಅದನ್ನೇ ತೊದಲುತ್ತ ಹೇಳಿದೆ. ಅಣ್ಣ ಚಾಲೂ ಮಾಡಲು ಇಂಜಿನ್ನಿಗೆ ಹ್ಯಾಂಡಲ್ ಸಿಕ್ಕಿಸಿದ.

ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮುಖ ಬಿಳುಚಿಕೊಂಡಿತ್ತು.

"ಒಡದರ ಎಲ್ಲಿ ಬಡೀತೈತಿ?" ಎಂದು ನನ್ನನ್ನು ಕೇಳಿದಳು.

ಅಣ್ಣ ನಿಲ್ಲುವ ಜಾಗ ತೋರಿಸಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಅಲ್ಲೇ ನಿಂತಳು, ಚಕ್ರಕ್ಕೆ ಮುಖ ಮಾಡಿ.

"ನೀರು ಹಾಕಿದಾಕಿ ನಾ. ಈಗ ಚಾಲೂ ಮಾಡು."

ಅಣ್ಣ ಪಕ್ಕಕ್ಕೆ ಸರಿ ಎಂದು ಬೈದ, ಬೇಡಿಕೊಂಡ. ಅವಳು ಸರಿಯಲಿಲ್ಲ. ಕೊನೆಗೆ ಅವನು ಹ್ಯಾಂಡಲ್ ಕಳಚಿ ನೆಲಕ್ಕಿಟ್ಟ.

"ಬಿಚ್ಚೋ ಅದನ್ನ," ಎಂದ ನನಗೆ.

ನಾನು ಕೊನೆಯ ಬೋಲ್ಟ್ ಬಿಚ್ಚಿ ಚಕ್ರವನ್ನು ಕೆಳಗಿಳಿಸುವವರೆಗೂ ಅವ್ವ ಆ ಜಾಗ ಬಿಟ್ಟು ಕದಲಲಿಲ್ಲ.